ಸೀಟ್ ಅಲಾಟ್‌ಮೆಂಟಿಗೆ ಕಾಯುತ್ತಿದ್ದೇವೆ, ಅನುಭವ ಇದ್ದವರು ಹೇಳಿ

ಉಡುಪಿಯ ಅಮ್ಮ: ಮಗಳದ್ದು ಇಂಜಿನಿಯರಿಂಗಿಗೆ ಸಿಇಟಿ (ರಾಜ್ಯದ ಪ್ರವೇಶ ಪರೀಕ್ಷೆ) ಆಪ್ಷನ್ ಎಂಟ್ರಿ ಆಗಿದೆ, ಬೇಕಾದ ಕಾಲೇಜುಗಳನ್ನು ತುಂಬಿಸಿದ್ದೇವೆ. ಮಾಕ್‌ನಲ್ಲಿ, ಅಂದರೆ ಮೊದಲು ಬಿಡುವ ಅಣಕು ಪಟ್ಟಿಯಲ್ಲಿ, ಮಂಗಳೂರಿನಲ್ಲೇ ಕಂಪ್ಯೂಟರ್ ಸೈನ್ಸ್ ತೋರಿಸಿತ್ತು. ನಿಜವಾದ ಪಟ್ಟಿಯಲ್ಲಿ ಬರುತ್ತದಾ ಇಲ್ವಾ ಅಂತ ಅವಳಿಗೆ ಊಟ ಸೇರುತ್ತಿಲ್ಲ. ಒಂದು ಕಾಲೇಜಿನವರು ಮ್ಯಾನೇಜ್‌ಮೆಂಟ್ ಸೀಟಿಗೆ ಶನಿವಾರದೊಳಗೆ ದುಡ್ಡು ಕಟ್ಟಿ ಅನ್ನುತ್ತಿದ್ದಾರೆ. ಕಟ್ಟುವುದಾ, ಕಾಯುವುದಾ?

ಬಂಟ್ವಾಳದ ಅಪ್ಪ: ಕಟ್ಟಬೇಡಿ ಮಾರಾಯ್ರೆ. ನಾನು ಕಟ್ಟಿದೆ. 75,000 ರೂಪಾಯಿ, ಸೊಸೈಟಿಯಲ್ಲಿ ಹೆಂಡತಿಯ ಬಳೆ ಅಡವಿಟ್ಟು. ಮಗನ ಒರಿಜಿನಲ್ ಮಾರ್ಕ್ಸ್ ಕಾರ್ಡೂ ಅವರ ಕೈಗೆ. ಎರಡನೇ ಸುತ್ತಿನಲ್ಲಿ ಸಿಇಟಿ ಸೀಟು ಸಿಕ್ಕಿತು. ಆಮೇಲೆ ಶುರುವಾಯ್ತು ನೋಡಿ. ಮೊದಲ ಸಲ ಹೋದಾಗ ಸಹಿ ಹಾಕುವವರು ಇಲ್ಲ. ಎರಡನೇ ಸಲ, ಛಾಪಾ ಕಾಗದದಲ್ಲಿ ಬರೆಸಿ ತನ್ನಿ ಅಂದರು. ಮೂರನೇ ಸಲ ಮಳೆಗೆ ರಜೆ, ಗೇಟಿನವರೆಗೆ ಹೋಗಿ ವಾಪಸ್. ನಾಲ್ಕನೇ ಸಲ ಕಾರ್ಡ್ ಕೊಟ್ಟರು. ಮೂಲೆಯಲ್ಲಿ ಪಿನ್ ಹೊಡೆದ ಜಾಗಕ್ಕೆ ತುಕ್ಕು ಹಿಡಿದಿತ್ತು. ದುಡ್ಡು ಬರುವಾಗ ಎಂಟು ತಿಂಗಳು, ಅದೂ 22,000 ಹಿಡಿದುಕೊಂಡು. ಬಳೆಯ ಬಡ್ಡಿ ಬೇರೆ.

ಕಾರ್ಕಳದವ: ಇಂಜಿನಿಯರಿಂಗ್ ಕಾಲೇಜುಗಳನ್ನು ನೋಡಿಕೊಳ್ಳುವ ಎಐಸಿಟಿಇಯ ನಿಯಮದಲ್ಲಿ, ಕೋರ್ಸ್ ಶುರುವಾಗುವ ಮೊದಲು ಬಿಟ್ಟರೆ 1,000 ರೂಪಾಯಿಗಿಂತ ಜಾಸ್ತಿ ಹಿಡಿಯುವ ಹಾಗಿಲ್ಲ. ಒರಿಜಿನಲ್ ಇಟ್ಟುಕೊಳ್ಳುವ ಹಾಗೂ ಇಲ್ಲ. ನೀವು ದೂರು ಕೊಡಬೇಕಿತ್ತು.

ಬಂಟ್ವಾಳದ ಅಪ್ಪ: ನಿಯಮ ನನಗೂ ಗೊತ್ತುಂಟು. ಮಗನ ಕಾರ್ಡ್ ಅವರ ಕಪಾಟಿನಲ್ಲಿ ಇರುವಾಗ ಜೋರು ಮಾಡಲು ನಿಮಗೆ ಧೈರ್ಯ ಬರುತ್ತಿತ್ತಾ?

ಕದ್ರಿ: ಎಲ್ಲರಿಗೂ ಹಾಗೆ ಆಗುವುದಿಲ್ಲ. ನಾವು ಕಟ್ಟಿದೆವು, ನಮಗೆ ಬೇಸರ ಇಲ್ಲ. ಮಗಳು ಅವತ್ತು ರಾತ್ರಿ ಎರಡು ಸಲ ಗಂಜಿ ಬಡಿಸಿಕೊಂಡಳು. 15 ದಿನದ ಮೇಲೆ ಅವಳು ಹೊಟ್ಟೆ ತುಂಬ ಉಂಡದ್ದು ಅವತ್ತೇ. ಆ ನೆಮ್ಮದಿಗೆ ನಾನು ಇನ್ನೂ ಕೊಡುತ್ತಿದ್ದೆ.

ಮಲ್ಪೆಯ ಅಕ್ಕ: ದುಡ್ಡು ಇದ್ದವರ ಮಾತು ಅದು. ನಮ್ಮದು ಮೀನಿನ ವ್ಯಾಪಾರ, ಜೂನ್ ಜುಲೈಯಲ್ಲಿ ಬೋಟ್ ಬಂದ್, ಕೈಯಲ್ಲಿ ಕಾಸಿಲ್ಲ. ಮೊದಲ ಸುತ್ತಿನಲ್ಲಿ ಮಗಳಿಗೆ ಸಿವಿಲ್ ಬಂತು. ಸೈಬರ್‌ನವನ ಮಾತು ಕೇಳಿ ಚಾಯ್ಸ್ 3 ಒತ್ತಿದೆವು, ಈ ಸೀಟು ಬೇಡ, ಮುಂದಿನ ಸುತ್ತು ನೋಡುತ್ತೇವೆ ಅಂತ. ಕೈಯಲ್ಲಿದ್ದ ಸೀಟು ಹೋಯಿತು, ಮುಂದಿನ ಸುತ್ತಿನಲ್ಲಿ ಏನೂ ಬರಲಿಲ್ಲ. ಚಾಯ್ಸ್ 2 ಒತ್ತಿದ್ದರೆ ಸಿವಿಲ್ ಆದರೂ ಉಳಿಯುತ್ತಿತ್ತು. ಈಗ ಬಿಎಸ್ಸಿ ಮಾಡುತ್ತಿದ್ದಾಳೆ. ಆ ಬಟನ್ ಒತ್ತಿದ್ದು ನನ್ನ ಬೆರಳು. ಇವತ್ತಿಗೂ ಮರೆಯಲು ಆಗುವುದಿಲ್ಲ.

ಕದ್ರಿ: ಅಕ್ಕ, ನಮ್ಮದೂ ಸಾಲವೇ. ದುಡ್ಡು ಉಂಟು ಅಂತ ನಿಮಗೆ ಹೇಳಿದವರು ಯಾರು?

ಸುರತ್ಕಲ್: ಚಾಯ್ಸ್ 2 ಅಂದರೆ ಜೋಸಾದ ಫ್ಲೋಟ್ ಇದ್ದ ಹಾಗೆ, ಸಿಕ್ಕಿದ ಸೀಟು ಹಿಡಿದುಕೊಂಡೇ ಇನ್ನೂ ಒಳ್ಳೆಯದಕ್ಕೆ ಕಾಯುವುದು. ನನ್ನ ಮಗ ಜೋಸಾದಲ್ಲಿ (ಐಐಟಿ, ಎನ್‌ಐಟಿ ಸೀಟು ಹಂಚುವುದು) ಕೊನೆಯ ಸುತ್ತಿನವರೆಗೂ ಫ್ಲೋಟ್ ಇಟ್ಟು ಇಲ್ಲಿನ ಎನ್‌ಐಟಿ, ಎನ್‌ಐಟಿಕೆಗೆ ಸೇರಿದ. ಅಲ್ಲಿ ಅರ್ಧ ಸೀಟು ನಮ್ಮ ರಾಜ್ಯದವರಿಗೇ ಉಂಟು. ಕಾಯುವ ತಾಳ್ಮೆ ಬೇಕು ಅಷ್ಟೆ.

ಮಲ್ಪೆಯ ಅಕ್ಕ: ನಮಗೆ ತಾಳ್ಮೆ ಇಲ್ಲ ಅಂತಲಾ? ಸಿಇಟಿಯ ಮಾತಿಗೆ ಜೋಸಾ ಎಂತಕ್ಕೆ?

ಕಾರ್ಕಳದವ: ಜೋಸಾ ಬೇರೆ, ಸಿಇಟಿ ಸೀಟು ಹಂಚುವ ಕೆಇಎ ಬೇರೆ. ದಯವಿಟ್ಟು ಕಲೆಸಬೇಡಿ, ಓದುವ ಮಕ್ಕಳು ತಪ್ಪು ಒತ್ತುತ್ತಾರೆ.

ಸುರತ್ಕಲ್: ಅರ್ಥ ಆಗಲಿ ಅಂತ ಹೋಲಿಸಿದೆ. ಐದು ವಾರ ನಾವೂ ನಿದ್ದೆ ಬಿಟ್ಟವರೇ.

ಉಡುಪಿಯ ಅಮ್ಮ: ಶನಿವಾರಕ್ಕೆ ಇನ್ನು ಎರಡೇ ದಿನ. ಒರಿಜಿನಲ್ ಕೊಡದೆ, ಬರೀ ಜೆರಾಕ್ಸ್ ಕೊಟ್ಟು ಸೀಟು ಹಿಡಿದವರು ಯಾರಾದರೂ ಇದ್ದೀರಾ?