ಟ್ಯಾಂಕ್‌ನಲ್ಲಿ ಪೆಟ್ರೋಲ್ ಇದ್ದರೂ ಮುಳ್ಳು ‘ಇ’ಗೆ ಬೀಳುತ್ತೆ: ಪಂಪ್ ಮಾಡ್ಯೂಲ್ ಪೂರ್ತಿ ಬದಲಿಸಲೇಬೇಕಾ?

ಹೆಬ್ಬಾಳ_ಹ್ಯಾಚ್‌ಬ್ಯಾಕ್
2017ರ ಪೆಟ್ರೋಲ್ ಗಾಡಿ. ಫುಲ್ ಟ್ಯಾಂಕ್ ಇದ್ದಾಗ ಮುಳ್ಳು ಸರಿಯಾಗೇ ನಿಲ್ಲುತ್ತೆ. ಅರ್ಧಕ್ಕಿಂತ ಇಳಿದ ಮೇಲೆ ಇದ್ದಕ್ಕಿದ್ದಂತೆ ‘ಇ’ಗೆ ಬಿದ್ದು ಲೈಟ್ ಹತ್ತುತ್ತೆ, ಹಂಪ್ ದಾಟಿದರೆ ಮತ್ತೆ ಮೇಲೇಳುತ್ತೆ. ಸ್ಕ್ಯಾನರ್‌ನಲ್ಲಿ ಪಿ0463 ಅನ್ನೋ ಫಾಲ್ಟ್ ಕೋಡ್. ಗ್ಯಾರೇಜಿನವರು ಪಂಪ್ ಮಾಡ್ಯೂಲ್ (ಟ್ಯಾಂಕ್ ಒಳಗೆ ಪಂಪ್, ಮಟ್ಟ ಅಳೆಯೋ ಸೆನ್ಸರ್ ಎರಡೂ ಸೇರಿರೋ ಜೋಡಣೆ) ಬದಲಿಸಿ, ಆಗಲೂ ಸರಿಹೋಗದಿದ್ದರೆ ಡ್ಯಾಶ್‌ಬೋರ್ಡ್ ಮೀಟರ್ ಬದಲಿಸೋಣ ಅಂತಿದ್ದಾರೆ. ದುಡ್ಡು ಹಾಕೋ ಮುಂಚೆ ಪರೀಕ್ಷೆ ಮಾಡೋದು ಹೇಗೆ? ಮಲ್ಟಿಮೀಟರ್ ಇದೆ.

ಓಮ್_ಶಾಂತಿ
ಪಿ0463 ಅಂದ್ರೆ ಸಿಗ್ನಲ್ ವೋಲ್ಟೇಜ್ ಜಾಸ್ತಿ, ಸಾಮಾನ್ಯವಾಗಿ ಸರ್ಕ್ಯೂಟ್ ಎಲ್ಲೋ ಬಿಟ್ಟುಕೊಳ್ತಿದೆ ಅಂತ. ವೈರ್ ಬಾಡಿಗೆ ತಾಗಿದ್ದರೆ ಪಿ0462 ಬರೋದು. ಹಾಗಾಗಿ ಲೂಸ್ ಕಾಂಟ್ಯಾಕ್ಟ್ ಹುಡುಕಿ.

ಹಿಂದಿನ ಸೀಟ್ ಎತ್ತಿದರೆ ಹೆಚ್ಚಿನ ಹ್ಯಾಚ್‌ಬ್ಯಾಕ್‌ಗಳಲ್ಲಿ ಮುಚ್ಚಳ ಸಿಗುತ್ತೆ. ಕೀ ಆಫ್ ಮಾಡಿ ಕನೆಕ್ಟರ್ ಬಿಚ್ಚಿ. ನಾಲ್ಕು ಪಿನ್ ಇದ್ದರೆ ದಪ್ಪ ವೈರ್ ಎರಡು ಪಂಪಿಗೆ, ತೆಳು ಎರಡು ಫ್ಲೋಟಿಗೆ (ಪೆಟ್ರೋಲ್ ಮೇಲೆ ತೇಲಿ ಮಟ್ಟ ತೋರಿಸೋ ಸೆನ್ಸರ್). ಆದರೂ ವೈರಿಂಗ್ ಡಯಾಗ್ರಾಂ ನೋಡದೆ ಏನೂ ಸಿಕ್ಕಿಸಬೇಡಿ. ಮೊದಲು ಕಣ್ಣಲ್ಲೇ ನೋಡಿ: ಕಿಲುಬು, ಸಡಿಲ ಪಿನ್, ಇಲಿ ಕಡಿದ ವೈರ್. ಮಳೇಲಿ ಅಂಡರ್‌ಪಾಸ್ ನೀರಿಗೆ ಇಳಿದ ಗಾಡಿ, ಅಪಾರ್ಟ್‌ಮೆಂಟ್ ಬೇಸ್‌ಮೆಂಟಲ್ಲಿ ವಾರಗಟ್ಟಲೆ ನಿಂತ ಗಾಡಿ ಆದರೆ ಇದನ್ನ ಬಿಡಲೇಬೇಡಿ.

ಆಮೇಲೆ ಮೀಟರ್ ಕಡೆ ಹೋಗೋ ಕನೆಕ್ಟರ್‌ನ ತೆಳು ವೈರ್‌ಗಳ ಮಧ್ಯೆ 100 ಓಮ್ ರೆಸಿಸ್ಟರ್ ಸಿಕ್ಕಿಸಿ, ಕೀ ಆನ್ ಮಾಡಿ ಎರಡು ನಿಮಿಷ ಕಾಯಿರಿ. ಪೆಟ್ರೋಲ್ ತುಳುಕಿದಾಗಲೆಲ್ಲ ಕುಣಿಯದಿರಲಿ ಅಂತ ಮುಳ್ಳನ್ನ ಬೇಕಂತಲೇ ನಿಧಾನ ಮಾಡಿರ್ತಾರೆ. ಕೀ ಆಫ್ ಮಾಡಿ ಇನ್ನೊಂದು 100 ಓಮ್ ಪ್ಯಾರಲಲ್ ಸೇರಿಸಿದರೆ 50 ಆಗುತ್ತೆ. ಎರಡೂ ಸಲ ಮುಳ್ಳು ಬೇರೆ ಬೇರೆ ಜಾಗದಲ್ಲಿ ಗಟ್ಟಿಯಾಗಿ ನಿಂತರೆ ಮೀಟರೂ ವೈರಿಂಗೂ ಸರಿ ಇವೆ. ತಂತಿ ಹಾಕಿ ನೇರ ಶಾರ್ಟ್ ಮಾಡೋ ಹಳೇ ಪದ್ಧತಿ ಬೇಡ. ಕೊನೆಗೆ ಟ್ಯಾಂಕ್ ಕಡೆಯ ಎರಡು ಪಿನ್ ನಡುವೆ ಓಮ್ಸ್ ಅಳೆಯುತ್ತಾ ಗಾಡಿ ಅಲುಗಿಸಿ.

ಹೆಬ್ಬಾಳ_ಹ್ಯಾಚ್‌ಬ್ಯಾಕ್
100ಕ್ಕೆ ಕಾಲು ಟ್ಯಾಂಕ್, 50ಕ್ಕೆ ಅರ್ಧಕ್ಕಿಂತ ಮೇಲೆ. ವೈರ್ ಅಲುಗಿಸಿದರೂ ಕದಲಲಿಲ್ಲ. ಟ್ಯಾಂಕ್ ಕಡೆ 92 ಓಮ್ ಇದ್ದದ್ದು, ಗಾಡಿ ಅಲುಗಿಸಿದರೆ ‘ಓಎಲ್’ (ಸರ್ಕ್ಯೂಟ್ ಬಿಟ್ಟುಕೊಂಡಿದೆ ಅಂತ) ತೋರಿಸಿ ವಾಪಸ್ ಬರುತ್ತೆ.

ಟ್ಯಾಂಕ್_ತಳ
ಹಾಗಾದರೆ ಮೀಟರ್ ಮಾತು ಬಿಡಿ ಸರ್. ತೊಂದರೆ ಟ್ಯಾಂಕ್ ಒಳಗೇ ಇದೆ. ಫ್ಲೋಟ್ ಕಡ್ಡಿಯ ಬುಡದಲ್ಲಿರೋ ಕಾಂಟ್ಯಾಕ್ಟ್, ಸೆರಾಮಿಕ್ ಕಾರ್ಡ್ ಮೇಲಿನ ತೆಳು ಟ್ರ್ಯಾಕನ್ನ ಉಜ್ಜುತ್ತಲೇ ಇರುತ್ತೆ. ಗಾಡಿ ಯಾವ ಮಟ್ಟದಲ್ಲಿ ಹೆಚ್ಚು ಓಡುತ್ತೋ ಅಲ್ಲೇ ಸವೆತ. ಐನೂರು ಐನೂರು ಹಾಕಿಸಿ ಓಡಿಸೋ ಗಾಡಿಗಳಲ್ಲಿ ಕೆಳಭಾಗ ಮೊದಲು ಹೋಗೋದು ಅದಕ್ಕೇ.

ಬಿಚ್ಚೋದಾದರೆ ಗಾಳಿ ಆಡೋ ಜಾಗದಲ್ಲಿ, ಟ್ಯಾಂಕ್ ಕಾಲು ಭಾಗಕ್ಕಿಂತ ಕಡಿಮೆ ಇದ್ದಾಗ ಬಿಚ್ಚಿ. ಪಂಪ್ ಫ್ಯೂಸ್ ತೆಗೆದು, ಎಂಜಿನ್ ತಾನಾಗೇ ಆಫ್ ಆಗೋವರೆಗೆ ಓಡಿಸಿ ಪ್ರೆಷರ್ ಇಳಿಸಿ, ಆಮೇಲೆ ಬ್ಯಾಟರಿ ನೆಗೆಟಿವ್ ತೆಗೆಯಿರಿ. ಲಾಕ್ ರಿಂಗಿಗೆ ಕಬ್ಬಿಣದ ಸ್ಕ್ರೂಡ್ರೈವರ್ ಇಟ್ಟು ಸುತ್ತಿಗೆಯಲ್ಲಿ ಹೊಡೀಬೇಡಿ, ಒಂದು ಕಿಡಿ ಸಾಕು. ಹೊರಗೆ ತೆಗೆಯುವಾಗ ಮಾಡ್ಯೂಲನ್ನ ವಾಲಿಸಿ ಎತ್ತಿ, ಫ್ಲೋಟ್ ಕಡ್ಡಿ ಬಗ್ಗಿದರೆ ಹೊಸ ಸೆನ್ಸರೂ ತಪ್ಪೇ ತೋರಿಸುತ್ತೆ. ಹಳೇ ಸೀಲ್ ಪೆಟ್ರೋಲಿಗೆ ಉಬ್ಬಿರುತ್ತೆ, ವಾಪಸ್ ಕೂರಲ್ಲ, ಹೊಸದು ಮೊದಲೇ ತಂದಿಟ್ಟುಕೊಳ್ಳಿ.

ಹೊರಬಂದ ಮೇಲೆ ಆವಿ ಆರಲು ಬಿಟ್ಟು, ಟ್ಯಾಂಕಿನಿಂದ ದೂರದಲ್ಲಿ ಫ್ಲೋಟನ್ನ ಕೆಳಗಿಂದ ಮೇಲಕ್ಕೆ ನಿಧಾನ ಎತ್ತುತ್ತಾ ಅಳೆಯಿರಿ. ಬರೀ ಕೊಳೆ ಆಗಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಸಾಕು. ಉಪ್ಪುಕಾಗದ ಮುಟ್ಟಿಸಬೇಡಿ, ಉಳಿದಿರೋ ಟ್ರ್ಯಾಕೂ ಹೋಗುತ್ತೆ. ಟ್ರ್ಯಾಕ್ ಚೆನ್ನಾಗಿದ್ದರೆ ಮಾಡ್ಯೂಲ್ ಒಳಗಿನ ವೈರ್ ತುದಿಗಳನ್ನೂ ನೋಡಿ.

ಸ್ಪೇರ್ಸ್_ಶೆಟ್ಟಿ
ಬೆಂಗಳೂರಿನ ಜೆಸಿ ರೋಡಲ್ಲಿ ಕೆಲವು ಮಾಡೆಲ್‌ಗಳಿಗೆ ಫ್ಲೋಟ್ ಅಸೆಂಬ್ಲಿ ಬಿಡಿಯಾಗಿ ಸಿಗುತ್ತೆ, ಪಂಪ್ ಚೆನ್ನಾಗಿದ್ದರೆ ಅದೊಂದೇ ಸಾಕು. ಹಳೇದನ್ನ ಕೈಯಲ್ಲಿ ಹಿಡ್ಕೊಂಡೇ ಹೋಗಿ, ಪಾರ್ಟ್ ನಂಬರ್ ಜೊತೆ ಫ್ಲೋಟಿನ ಎರಡೂ ತುದಿಯ ಓಮ್ಸ್ ಹೋಲಿಸಿ. ಕೆಲವು ಗಾಡಿಯಲ್ಲಿ ಖಾಲಿಗೆ ಓಮ್ಸ್ ಜಾಸ್ತಿ, ಕೆಲವಲ್ಲಿ ಫುಲ್‌ಗೆ ಜಾಸ್ತಿ. ನೋಡೋಕೆ ಒಂದೇ ಥರ ಇದ್ದರೂ ಅದಲು ಬದಲಾದರೆ ಮುಳ್ಳು ಉಲ್ಟಾ ಓಡುತ್ತೆ. ಅಲ್ಲಿವರೆಗೆ ಟ್ರಿಪ್ ಮೀಟರ್ ಸೊನ್ನೆ ಮಾಡ್ಕೊಂಡು ಓಡಿಸಿ, ಟ್ಯಾಂಕ್ ಖಾಲಿ ಮಾಡಬೇಡಿ; ಪಂಪ್ ತಣ್ಣಗಿರೋದು ಪೆಟ್ರೋಲಿನಿಂದಲೇ.