ಹೊಸ ಫೌಂಡೇಶನ್‌ನಲ್ಲಿ ಬಿರುಕು, ಏನು ಮಾಡಲಿ?

ಪ್ರಶ್ನೆ: ಮಡಿಕೇರಿ ಹತ್ತಿರ ಮನೆ ಕಟ್ಟಿಸುತ್ತಿದ್ದೇವೆ. ಮೊನ್ನೆ ಫೌಂಡೇಶನ್‌ಗೆ ಕಾಂಕ್ರೀಟ್ ಹಾಕಿದರು, ಮಾರನೇ ದಿನ ಬೆಳಿಗ್ಗೆ ನೋಡಿದರೆ ಮೇಲೆಲ್ಲ ಕೂದಲೆಳೆಯಂಥ ಬಿರುಕು, ಒಂದು ಕಡೆ ಮಾತ್ರ ಉಗುರು ತೂರುವಷ್ಟು ಅಗಲ. ಮೇಸ್ತ್ರಿ ಏನೂ ಆಗಲ್ಲ ಅಂತಾರೆ. ನನಗೆ ನಿದ್ದೆ ಬರುತ್ತಿಲ್ಲ.

ಉತ್ತರ: ಕೂದಲೆಳೆ ಬಿರುಕಿಗೆ ಹೆದರಬೇಡಿ. ಬಿಸಿಲು, ಗಾಳಿಗೆ ಮೇಲಿನ ನೀರು ಬೇಗ ಆರಿದರೆ ಹಾಗಾಗುತ್ತದೆ. ಇವತ್ತೇ ಗೋಣಿಚೀಲ ಹಾಸಿ ನೀರು ಹಾಕಿ. ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟ್ ಆದರೆ ಕನಿಷ್ಠ 10 ದಿನ ಒದ್ದೆ ಇರಲೇಬೇಕು.

ಇನ್ನೊಬ್ಬರು: ಆ ಅಗಲದ ಬಿರುಕು ಬೇರೆ ವಿಷಯ. ಸೈಟು ಗುಡ್ಡ ಕಡಿದು ಮಣ್ಣು ತುಂಬಿದ್ದು ಅಲ್ವಾ? ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆಯಿರಿ. ಬೆಳೆದರೆ, ಅಥವಾ ಒಂದು ಬದಿ ತಗ್ಗಿದರೆ, ಗೋಡೆ ಎಬ್ಬಿಸಲೇಬೇಡಿ. 2018ರ ಮಳೆಯಲ್ಲಿ ಗುಡ್ಡ ಜಾರಿದ್ದನ್ನು ಕಂಡವರು ನಾವು.

ಕೇಳಿದವರು: ಹೌದು, ಕೆಳಬದಿ ತುಂಬಿದ ಮಣ್ಣೇ. ಬಿರುಕೂ ಅಲ್ಲೇ. ನಾಳೆ ಇಂಜಿನಿಯರ್ ಕರೆಸುತ್ತೇನೆ.