ಸೀಟ್ ಕವರ್ ಹಾಕಿಸಿದ ಮೇಲೆ ಏರ್‌ಬ್ಯಾಗ್ ಲೈಟ್ ಆರುತ್ತಿಲ್ಲ

ಹಾಸನ_ಹ್ಯಾಚ್‌ಬ್ಯಾಕ್:
ನಮಸ್ಕಾರ. ಆರು ವರ್ಷದ ಹಳೇ ಕಾರು, ಸೆಕೆಂಡ್ ಹ್ಯಾಂಡ್, ಟಾಪ್ ಮಾಡೆಲ್, ಆರು ಏರ್‌ಬ್ಯಾಗ್ ಇದೆ. ಹೋದ ಶನಿವಾರ ಸೀಟ್ ಕವರ್ ಹಾಕಿಸಿದೆ. ಮಾರನೇ ದಿನ ಸಕಲೇಶಪುರಕ್ಕೆ ಹೊರಟಾಗ ಏರ್‌ಬ್ಯಾಗ್ ಲೈಟ್ ಹತ್ತಿತು, ಇನ್ನೂ ಆರಿಲ್ಲ. ಮೊದಲೆಲ್ಲ ಕೀ ತಿರುಗಿಸಿದಾಗ ಕೆಲವು ಸೆಕೆಂಡ್ ಹತ್ತಿ ಆರುತ್ತಿತ್ತು. ಅಂಗಡಿಯವನು "ಓಡಿಸ್ತಾ ಓಡಿಸ್ತಾ ತಾನೇ ಹೋಗುತ್ತೆ ಸಾರ್" ಅಂದ. ಹೀಗೇ ಓಡಿಸಬಹುದಾ?

ಚಕ್ರಪಾಣಿ_77:
ನನ್ನದೂ ಹೀಗೇ ಆಗಿತ್ತು. ಮೀಟರ್ ಬಿಚ್ಚಿಸಿ ಬಲ್ಬ್ ತೆಗೆಸಿದೆ, ಕಿರಿಕಿರಿ ಹೋಯ್ತು. ಎರಡು ವರ್ಷದಿಂದ ಏನೂ ಆಗಿಲ್ಲ.

ಸ್ಪ್ಯಾನರ್_ಮಾವ:
ಏನೂ ಆಗಿಲ್ಲ ಅಂದ್ರೆ ನೀವು ಎಲ್ಲೂ ಗುದ್ದಿಲ್ಲ ಅಂತ, ಅಷ್ಟೇ. ಆ ಲೈಟ್ ಹತ್ತಿದ್ದರೆ ಏರ್‌ಬ್ಯಾಗ್ ಬೇಕಾದಾಗ ತೆರೆದುಕೊಳ್ಳದೇ ಇರಬಹುದು. ಬೆಲ್ಟ್‌ನ ಪ್ರಿಟೆನ್ಷನರ್ ಕೂಡ ಏರ್‌ಬ್ಯಾಗ್ ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಯ ಮಾತನ್ನೇ ಕೇಳುವುದು. ಗುದ್ದಿದ ಕ್ಷಣದಲ್ಲಿ ಅದು ಸಣ್ಣ ಮದ್ದು ಸಿಡಿಸಿ ಬೆಲ್ಟನ್ನು ಬಿಗಿಯಾಗಿ ಎಳೆದು ನಿಮ್ಮನ್ನು ಸೀಟಿಗೆ ಒತ್ತಿ ಹಿಡಿಯುತ್ತದೆ, ಆಮೇಲೆ ಬರುವ ಏರ್‌ಬ್ಯಾಗ್ ತಲೆ, ಎದೆಗೆ ಮೆತ್ತೆ ಆಗುತ್ತದೆ.

ಹಾಸನದವರೇ, ಎರಡು ಪ್ರಶ್ನೆ. ಹಾರ್ನ್ ಮತ್ತು ಸ್ಟೀರಿಂಗ್ ಮೇಲಿನ ಬಟನ್ ಕೆಲಸ ಮಾಡುತ್ತಿವೆಯಾ? ಸೀಟ್ ಕೆಳಗೆ ಏನಾದರೂ ತುರುಕಿದ್ದೀರಾ?

ಹಾಸನ_ಹ್ಯಾಚ್‌ಬ್ಯಾಕ್:
ಹಾರ್ನ್, ಬಟನ್ ಎಲ್ಲಾ ಸರಿ ಇದೆ. ಡ್ರೈವರ್ ಸೀಟ್ ಕೆಳಗೆ ಕೊಡೆ, ಒರೆಸೋ ಬಟ್ಟೆ, ಎರಡು ನೀರಿನ ಬಾಟಲಿ 🙂

ಸ್ಪ್ಯಾನರ್_ಮಾವ:
ಹಾಗಾದರೆ ಸ್ಟೀರಿಂಗ್ ಒಳಗಿನ ಸುರುಳಿ ಕೇಬಲ್, ಅಂದರೆ ಕ್ಲಾಕ್ ಸ್ಪ್ರಿಂಗ್, ಬಹುಶಃ ಅಲ್ಲ. ಅದು ಕಿತ್ತರೆ ಸಾಮಾನ್ಯವಾಗಿ ಹಾರ್ನೂ ಕೈಕೊಡುತ್ತದೆ. ನನ್ನ ಅನುಮಾನ ಸೀಟ್ ಕೆಳಗಿನ ಹಳದಿ ಕನೆಕ್ಟರ್ ಮೇಲೆ, ಸೀಟಿನೊಳಗಿನ ಪಕ್ಕದ ಏರ್‌ಬ್ಯಾಗ್‌ನ ವೈರ್ ಸೇರುವ ಜಾಗ ಅದು. ಕವರ್ ಹಾಕುವಾಗ ಸೀಟನ್ನು ಎಳೆದಾಡಿರುತ್ತಾರೆ, ಸಡಿಲ ಆಗಿರುತ್ತದೆ. ಮೊದಲು ಆ ಬಾಟಲಿ ತೆಗೆಯಿರಿ ಮಾರಾಯ್ರೇ, ಬ್ರೇಕ್ ಹಾಕಿದಾಗ ಉರುಳಿ ಪೆಡಲ್ ಕೆಳಗೆ ಬಂದರೆ ಏನು ಮಾಡುತ್ತೀರಿ?

ಇಗ್ನಿಷನ್ ಆನ್ ಇದ್ದಾಗ ಹಳದಿ ವೈರ್ ಮುಟ್ಟಲೇಬೇಡಿ. ಮಲ್ಟಿಮೀಟರ್ ಇಟ್ಟು ನೋಡೋಣ ಅನ್ನುವ ಉತ್ಸಾಹವೂ ಬೇಡ, ಮೀಟರಿನ ಸಣ್ಣ ಕರೆಂಟ್‌ಗೂ ಏರ್‌ಬ್ಯಾಗ್ ಸಿಡಿಯುವ ಅಪಾಯ ಇದೆ. ತಿಳಿದ ಮೆಕ್ಯಾನಿಕ್ ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಮ್ಯಾನ್ಯುಯಲ್ ಹೇಳಿದಷ್ಟು ನಿಮಿಷ ಕಾದು, ಆಮೇಲೆ ಕೈ ಹಾಕುತ್ತಾನೆ. ಸರಿಪಡಿಸಿದ ಮೇಲೂ ಲೈಟ್ ಉಳಿಯಬಹುದು, ಹಳೇ ದೋಷ ಕೋಡ್ ಆಗಿ ಆ ಪೆಟ್ಟಿಗೆಯ ನೆನಪಿನಲ್ಲಿ ಇರುತ್ತದೆ, ಅದನ್ನು ಸ್ಕ್ಯಾನರ್‌ನಿಂದ ಅಳಿಸಬೇಕು. ಆನ್‌ಲೈನಲ್ಲಿ ಸಿಗುವ ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಹೆಚ್ಚಾಗಿ ಎಂಜಿನ್ ಕೋಡ್ ಮಾತ್ರ ಓದುತ್ತದೆ, ಇದಕ್ಕೆ ಬೇರೆ ಸ್ಕ್ಯಾನರ್ ಬೇಕು.

ಇನ್ನೊಂದು. ಸೀಟಿನ ಬಾಗಿಲ ಕಡೆಯ ಅಂಚಲ್ಲಿ ಏರ್‌ಬ್ಯಾಗ್ ಅಂತ ಸಣ್ಣ ಪಟ್ಟಿ ಇತ್ತಲ್ವಾ, ಹೊಸ ಕವರ್ ಅದನ್ನು ಮುಚ್ಚಿದೆಯಾ?

ಹಾಸನ_ಹ್ಯಾಚ್‌ಬ್ಯಾಕ್:
ಮಾವ, ನೀವು ಹೇಳಿದ್ದೇ ನಿಜ. ಸರ್ವಿಸ್ ಸೆಂಟರಲ್ಲಿ ನೋಡಿದರು, ಕನೆಕ್ಟರ್ ಅರ್ಧ ಹೊರಗೆ ಬಂದಿತ್ತು. ಕೂರಿಸಿ ಕೋಡ್ ಅಳಿಸಿದರು, ಲೈಟ್ ಆರಿತು. ಆದರೆ ಪಟ್ಟಿ ಪೂರ್ತಿ ಮುಚ್ಚಿದೆ. ದಪ್ಪ ರೆಕ್ಸಿನ್, ಎರಡು ಸಾಲು ಹೊಲಿಗೆ. ಏರ್‌ಬ್ಯಾಗ್ ಅದನ್ನೂ ಹರಿದುಕೊಂಡು ಬರುತ್ತದೆ ಅಲ್ವಾ?

ಸ್ಪ್ಯಾನರ್_ಮಾವ:
ಬರಬಹುದು, ತಡವಾಗಿ, ಇಲ್ಲಾ ಅಡ್ಡಾದಿಡ್ಡಿಯಾಗಿ. ಮುಂದಿನಿಂದ ಗುದ್ದಿದರೆ ಬಾನೆಟ್ ಮುದುಡಿ ಒಂದಿಷ್ಟು ಹೊಡೆತ ನುಂಗುತ್ತದೆ. ಪಕ್ಕದಿಂದ ಗುದ್ದಿದರೆ ನಿಮಗೂ ಬಾಗಿಲಿಗೂ ನಡುವೆ ಇರುವುದು ಒಂದು ಗೇಣು ಜಾಗ. ಅದಕ್ಕೇ ಪಕ್ಕದ ಬ್ಯಾಗ್ ಮುಂದಿನದಕ್ಕಿಂತ ಬೇಗ ಉಬ್ಬಬೇಕು. ಅಲ್ಲಿ ಕೆಲವೇ ಮಿಲಿಸೆಕೆಂಡಿನ ಲೆಕ್ಕ, ಹೊಲಿಗೆ ಬಿಚ್ಚಿಕೊಳ್ಳಲಿ ಅಂತ ಕಾಯುವಷ್ಟು ಪುರುಸೊತ್ತಿಲ್ಲ. ಕವರ್ ತೆಗೆಸಿ. ಬೇಕೇ ಬೇಕು ಅಂದರೆ ಆ ಜಾಗ ತೆರೆದಿರುವ, ಇಲ್ಲಾ ಅಲ್ಲಿ ಸುಲಭವಾಗಿ ಹರಿಯುವ ಹೊಲಿಗೆ ಇರುವ, ನಿಮ್ಮ ಮಾಡೆಲ್‌ಗೇ ಮಾಡಿದ್ದನ್ನು ಹಾಕಿಸಿ.

ಹಾಸನ_ಹ್ಯಾಚ್‌ಬ್ಯಾಕ್:
6,500 ರೂಪಾಯಿ ಹೊಳೆಗೆ ಹಾಕಿದ ಹಾಗಾಯಿತು. ಅಂಗಡಿಯವನು ಬೆಲ್ಟ್ ಬೀಪ್ ನಿಲ್ಲಿಸುವ ಕ್ಲಿಪ್ ಒಂದನ್ನು ಫ್ರೀ ಕೊಟ್ಟಿದ್ದ...

ಸ್ಪ್ಯಾನರ್_ಮಾವ:
ಅದನ್ನು ಈಗಲೇ ಕಸದ ಬುಟ್ಟಿಗೆ ಹಾಕಿ. ಕೆಲವು ಕಾರಿನಲ್ಲಿ ಬೆಲ್ಟ್ ಇದೆಯೋ ಇಲ್ಲವೋ ನೋಡಿಯೇ ಏರ್‌ಬ್ಯಾಗ್ ಯಾವಾಗ ಬಿಡಬೇಕು ಅಂತ ತೀರ್ಮಾನ ಆಗುತ್ತದೆ, ಕ್ಲಿಪ್ ಅಲ್ಲಿ ಸುಳ್ಳು ಹೇಳುತ್ತದೆ. 2023ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಐದು ಆನ್‌ಲೈನ್ ಮಾರಾಟ ತಾಣಗಳಿಗೆ ಇದನ್ನು ತೆಗೆಯಿರಿ ಅಂತ ಆದೇಶ ಕೊಟ್ಟಿತ್ತು.

ಚಕ್ರಪಾಣಿ_77:
ಮಾವ, ಬಲ್ಬ್ ವಾಪಸ್ ಹಾಕಿಸಿದೆ. ಲೈಟ್ ಹತ್ತಿದೆ. ಹಾರ್ನೂ ಒಮ್ಮೊಮ್ಮೆ ಬರಲ್ಲ. ಕ್ಲಾಕ್ ಸ್ಪ್ರಿಂಗ್ ಅಂದ್ರಲ್ಲ, ಎಷ್ಟಾಗಬಹುದು?